ಅಣ್ಣನ ಕೈಯ ತುಪ್ಪ

ಮೊದಲು ನೋವು ಬಂದದ್ದು ದವಡೆಗೆ.

ಎದೆಗೆ ಬಂದಿದ್ದರೆ ನಮಗೂ ಏನಾದರೂ ಹೊಳೆಯುತ್ತಿತ್ತೇನೋ. ನಿಮ್ಮ ಅಜ್ಜ ಆಗ ಪುಣೆಯ ಹತ್ತಿರ ಆಕುರ್ಡಿಯ ಒಂದು ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದರು. ಮೊದಲ ಪಾಳಿ ಮುಗಿಸಿ ನಿಗಡಿಯ ನಮ್ಮ ಎರಡು ಕೋಣೆಯ ಮನೆಗೆ ನಡೆದೇ ಬರುತ್ತಿದ್ದರು. ಆ ದಿನ ಬಂದವರು ಒಳಗೆ ಬರಲಿಲ್ಲ. ಹೊಸ್ತಿಲ ಮೇಲೆ ಕುಳಿತರು. ಎಡಗಡೆಯ ದವಡೆಯನ್ನು ಅಂಗೈಯಿಂದ ಒತ್ತಿ ಹಿಡಿದಿದ್ದರು.

"ಹಲ್ಲು ಭಾಳ ನೋಯ್ಲಾಕತ್ತದ," ಅಂದರು.

ಚಿಂಚವಡದ ಹಲ್ಲಿನ ಡಾಕ್ಟರು ಒಂದು ದವಡೆಹಲ್ಲು ಕಿತ್ತರು. ಹುಳುಕಿಲ್ಲದ, ಗಟ್ಟಿಮುಟ್ಟಾದ ಹಲ್ಲು. ಅದನ್ನು ಕಾಗದದಲ್ಲಿ ಸುತ್ತಿಕೊಂಡು ಬಂದು ನಿಮ್ಮ ಅವ್ವನಿಗೆ ತೋರಿಸಿ ನಕ್ಕರು. ನೋವು ಹೋಗಲಿಲ್ಲ. ಕುಳಿತಾಗ ಇರುತ್ತಿರಲಿಲ್ಲ, ನಡೆದರೆ ಬರುತ್ತಿತ್ತು. ಹಲ್ಲುನೋವು ನಡೆದಾಗ ಮಾತ್ರ ಯಾಕೆ ಬರಬೇಕು ಎಂದು ನಾವು ಯಾರೂ ಕೇಳಿಕೊಳ್ಳಲಿಲ್ಲ. ಮುಂದಿನ ವಾರ ಸಂತೆಯಿಂದ ಜೋಳದ ಚೀಲ ಹೊತ್ತು ಬರುವಾಗ ಬಸ್ ಸ್ಟಾಪಿನಲ್ಲಿ ಚೀಲ ಕೆಳಗಿಟ್ಟು, ಅದರ ಮೇಲೆಯೇ ಒರಗಿದರು. ಅಂಗಿ ಪೂರ್ತಿ ತೊಯ್ದಿತ್ತು. ಚಳಿಗಾಲದ ಬೆಳಗು ಅದು.

ಹಾರ್ಟ್ ಅಟ್ಯಾಕ್.

ಆ ಎರಡು ಶಬ್ದ ನಾನು ಮೊದಲ ಸಲ ಕೇಳಿದ್ದು ಆಸ್ಪತ್ರೆಯ ಕಾರಿಡಾರಿನಲ್ಲಿ. ಡಾಕ್ಟರು ಚಿಕ್ಕ ವಯಸ್ಸಿನವರು, ಮರಾಠಿಯವರು. ಈಸಿಜಿ ನೋಡಿ ಬಂದು ನನ್ನನ್ನು ಬೆಂಚಿನ ಮೇಲೆ ಕೂರಿಸಿ ನಿಧಾನವಾಗಿ ಹೇಳಿದರು. ಸಲಾಯಿನ್ ಸ್ಟ್ಯಾಂಡಿಗೆ ನೇತು ಹಾಕಿದ್ದ ರಬ್ಬರಿನ ನಳಿಗೆಯನ್ನು ಎರಡು ಬೆರಳಿನಿಂದ ಹಿಚುಕಿ, "ಹೃದಯಕ್ಕೆ ರಕ್ತ ಒಯ್ಯುವ ನಳಿಗೆ ಒಳಗಿನಿಂದ ಹೀಗೆ ಸಣ್ಣದಾಗಿದೆ, ತಾಯಿ. ಕೊಬ್ಬು ಕೂತಿದೆ. ಮನೆಯಲ್ಲಿ ವನಸ್ಪತಿ ಬಳಸುತ್ತೀರಾ?" ಎಂದು ಕೇಳಿದರು.

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ನಮ್ಮ ಮನೆಗೆ ಆ ಡಬ್ಬಿ ಒಮ್ಮೆಯೂ ಬಂದಿರಲಿಲ್ಲ.

"ಒಳ್ಳೆಯದು. ಇನ್ನು ಮೇಲೂ ಬೇಡ. ಬೇಕರಿ, ಹೋಟೆಲಿನ ಕರಿದ ತಿಂಡಿ, ಪೇಟೆಯ ಮಿಠಾಯಿ ಎಲ್ಲ ಬಂದ್. ಅವಕ್ಕೆಲ್ಲ ಹಾಕುವುದು ವನಸ್ಪತಿಯನ್ನೇ, ಕಾರ್ಖಾನೆಯಲ್ಲಿ ಎಣ್ಣೆಗೆ ಗ್ಯಾಸ್ ಹಾಯಿಸಿ ತುಪ್ಪದ ಹಾಗೆ ಗಟ್ಟಿ ಮಾಡಿದ್ದು. ಅಂಥದ್ದು ಹೊಟ್ಟೆಗೆ ಹೋದರೆ ರಕ್ತದಲ್ಲಿ ಕೊಲೆಸ್ಟ್ರಾಲ್ ಏರುತ್ತದೆ. ಅಡುಗೆಗೆ ಕರಡಿ ಎಣ್ಣೆ ಇರಲಿ, ಅದೂ ಸ್ವಲ್ಪ."

ಮರಾಠಿಯವರ ಕರಡಿ ಎಂದರೆ ನಮ್ಮ ಕುಸುಬಿ. ಬಿಜಾಪುರದ ಕಡೆ ನನ್ನ ತವರಿನಲ್ಲಿ ಅದನ್ನು ಬಿಟ್ಟರೆ ಬೇರೆ ಎಣ್ಣೆಯೇ ಇರಲಿಲ್ಲ. ನನಗೆ ಸ್ವಲ್ಪ ಧೈರ್ಯ ಬಂತು.

"ತುಪ್ಪ?" ಎಂದು ಡಾಕ್ಟರು ಕೇಳಿದರು. "ತುಪ್ಪ ಎಷ್ಟು ತಿನ್ನುತ್ತಾರೆ?"

ನಾನು ಉತ್ತರ ಕೊಡಲಿಲ್ಲ. ಪಕ್ಕದಲ್ಲಿ ಭಾವ ನಿಂತಿದ್ದರು.

ಭಾವ ಎಂದರೆ ನಿಮ್ಮ ಅಜ್ಜನ ಅಣ್ಣ, ನೀವು ದೊಡ್ಡಜ್ಜ ಎನ್ನುವವರು. ಮದುವೆಯಾಗಿ ಬಂದಂದಿನಿಂದ ನಾನು ಅವರ ಎದುರು ಬಾಯಿ ಬಿಟ್ಟವಳಲ್ಲ. ಸೆರಗು ಹೊದ್ದು ಬಾಗಿಲ ಮರೆಯಲ್ಲಿ ನಿಲ್ಲುವುದು ನಮ್ಮ ಕಡೆಯ ರೀತಿ. ಹೇಳುವುದಿದ್ದರೆ ಗಂಡನ ಮೂಲಕ, ಇಲ್ಲವೆ ಮಕ್ಕಳ ಮೂಲಕ. ಅಂದು ನನ್ನ ಪರವಾಗಿ ಅವರೇ ಡಾಕ್ಟರಿಗೆ ಉತ್ತರ ಕೊಟ್ಟರು. ನಮ್ಮ ಮನೆಯ ತುಪ್ಪ ಶುದ್ಧ ಗಾವಟಿ, ಸಾಸವಡದ ಹಳ್ಳಿಯ ಎಮ್ಮೆಗಳದ್ದು, ತಾನೇ ತಂದುಕೊಡುವುದು, ಅದರಿಂದ ಯಾರಿಗೂ ಏನೂ ಆಗುವುದಿಲ್ಲ ಎಂದರು. ಎದೆ ಮುಟ್ಟಿಕೊಂಡು ಹೇಳಿದರು.

"ಶುದ್ಧ ಇದ್ದರೂ ದಿನಕ್ಕೆ ಒಂದು ಚಮಚ, ಅಷ್ಟೇ," ಎಂದರು ಡಾಕ್ಟರು.

ಎದೆ ಮುಟ್ಟಿಕೊಂಡ ಆ ಕೈಯನ್ನು ನಾನು ಈಗಲೂ ಮರೆತಿಲ್ಲ. ಮರೆಯುವ ಮನಸ್ಸೂ ಇಲ್ಲ.

ಭಾವನಿಗೆ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬೆಲ್ಲ ಮತ್ತು ತುಪ್ಪ ಮಾರುವ ಒಂದು ಗಾಳೆ, ಎಂದರೆ ಮಳಿಗೆ, ಇತ್ತು. ಪ್ರತಿ ಅಮಾವಾಸ್ಯೆಗೆ ಗಾಳೆ ಮುಚ್ಚಿ, ಅಲ್ಯುಮಿನಿಯಂ ಕೇಟಲಿ ತುಂಬ ತುಪ್ಪ ಹಿಡಿದು ನಿಗಡಿಗೆ ಬರುತ್ತಿದ್ದರು. ನಾನು ಹೋಳಿಗೆಯನ್ನೋ ಮಾದಲಿಯನ್ನೋ ಮಾಡುತ್ತಿದ್ದೆ. ನಮ್ಮ ಮನೆತನದಲ್ಲಿ ಹಬ್ಬದೂಟಕ್ಕೆ ತುಪ್ಪವನ್ನು ಹೆಂಗಸರು ಬಡಿಸುವುದಿಲ್ಲ. ಮನೆಯ ಹಿರಿಯ ಗಂಡಸು ಬಡಿಸಬೇಕು. ಅವನಾಗಿ ಕೈ ತೆಗೆಯುವ ತನಕ ಕಿರಿಯರು ಸಾಕು ಎನ್ನುವಂತಿಲ್ಲ, ತಾಟಿನ ಮೇಲೆ ಕೈ ಅಡ್ಡ ಹಿಡಿಯುವಂತಿಲ್ಲ. ಭಾವ ಕೇಟಲಿಯನ್ನು ಎತ್ತರಕ್ಕೆ ಹಿಡಿದು ಧಾರೆ ಬಿಡುತ್ತಿದ್ದರು. ಹೋಳಿಗೆ ಮುಳುಗುತ್ತಿತ್ತು. ತಂದೆ ಹೋದ ಮೇಲೆ ತಮ್ಮನನ್ನು ಸಾಕಿ, ಪುಣೆಗೆ ಕರೆತಂದು, ಕೆಲಸಕ್ಕೆ ಹಚ್ಚಿದವರು ಅವರೇ. ನಿಮ್ಮ ಅಜ್ಜ ತಲೆ ಬಗ್ಗಿಸಿ ತಿನ್ನುತ್ತಿದ್ದರು. ಉಳಿದ ತುಪ್ಪದಲ್ಲಿ ತಿಂಗಳು ಪೂರ್ತಿ ಮನೆ ನಡೆಯುತ್ತಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಮನೆಯ ರೀತಿ ಬದಲಾಯಿತು. ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತಬೇಕು. ನಾಲಿಗೆಯ ಕೆಳಗಿಡುವ ಗುಳಿಗೆ ಅಂಗಿಯ ಕಿಸೆಯಲ್ಲಿ ಇರಲೇಬೇಕು. ಬೀಡಿ ಬಿಟ್ಟರು. ಸಿಟ್ಟು ಜಾಸ್ತಿಯಾಯಿತು, ಆಮೇಲೆ ಕಡಿಮೆಯಾಯಿತು. ಒಣ ರೊಟ್ಟಿ, ಸೊಪ್ಪಿನ ಪಲ್ಯ, ಕೆನೆ ತೆಗೆದ ಮಜ್ಜಿಗೆ. ತುಪ್ಪ ಒಂದೇ ಚಮಚ. ಆ ಒಂದು ಚಮಚವೂ ಭಾವನ ಕೇಟಲಿಯದೇ. ಅಮಾವಾಸ್ಯೆಯ ದಿನ ಮಾತ್ರ ಯಾವ ಲೆಕ್ಕವೂ ನಡೆಯುತ್ತಿರಲಿಲ್ಲ.

"ಏನೋ ತಮ್ಮಾ, ಆ ಡಾಕ್ಟರ ನಿನ್ನ ಮೊಲ ಮಾಡಿ ಬಿಟ್ಟಾನೇನು? ಬರೇ ಸೊಪ್ಪು ಮೆಲ್ಕೋತ ಕೂಡ್ತಿ?" ಎಂದು ಭಾವ ನಗುತ್ತಿದ್ದರು. ಧಾರೆ ಬಿಡುತ್ತಿದ್ದರು.

ಒಂದು ವರ್ಷವಾದರೂ ರಕ್ತದ ರಿಪೋರ್ಟ್ ಇಳಿಯಲಿಲ್ಲ. ಡಾಕ್ಟರು ನನ್ನ ಮೇಲೆ ಸಿಟ್ಟಾದರು. ಎಲ್ಲೋ ಕದ್ದು ತಿನ್ನುತ್ತಾರೆ, ನೀವು ಮುಚ್ಚಿಡುತ್ತೀರಿ ಎಂದರು. ನಾನು ಮನೆಗೆ ಬಂದು ಅತ್ತೆ. ನಿಮ್ಮ ಅವ್ವ ಶೈಲಾ ಆಗ ಬಿ.ಎಸ್ಸಿ. ಓದುತ್ತಿದ್ದಳು. ಅವಳು ನನ್ನ ಅಳುವನ್ನು ನೋಡಿ ಎದ್ದು ಕೇಟಲಿಯ ಮುಚ್ಚಳ ತೆಗೆದು ಮೂಸಿದಳು.

"ಅವ್ವಾ, ನೀ ಬೆಣ್ಣಿ ಕಾಸಿ ಮಾಡಿದ ತುಪ್ಪ ಒಂದು ಚೂರು ಅದ ಏನು?"

ದೇವರ ದೀಪಕ್ಕೆಂದು ಕಾಸಿದ್ದು ಸ್ವಲ್ಪ ಇತ್ತು. ಮರುದಿನ ಅವಳು ಕಾಲೇಜಿನಿಂದ ಎರಡು ಗಾಜಿನ ನಳಿಗೆಗಳನ್ನೂ ಒಂದು ಸಣ್ಣ ಬಾಟಲಿಯಲ್ಲಿ ಆಸಿಡ್ಡನ್ನೂ ತಂದಳು. ಒಂದು ನಳಿಗೆಯಲ್ಲಿ ನನ್ನ ತುಪ್ಪ, ಇನ್ನೊಂದರಲ್ಲಿ ಭಾವನದು, ಎರಡನ್ನೂ ಕರಗಿಸಿ ಹಾಕಿದಳು. ಎರಡಕ್ಕೂ ಆಸಿಡ್, ಒಂದೊಂದು ಚಿಟಿಕೆ ಸಕ್ಕರೆ. ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿದಳು. ಕುಲುಕುತ್ತಲೇ ಹೇಳಿದಳು: ವನಸ್ಪತಿ ಮಾಡುವವರು ಅದರಲ್ಲಿ ಸ್ವಲ್ಪ ಎಳ್ಳೆಣ್ಣೆ ಸೇರಿಸಲೇಬೇಕೆಂದು ಸರಕಾರದ ಕಾಯಿದೆ ಇದೆಯಂತೆ, ಯಾರಾದರೂ ಅದನ್ನು ತುಪ್ಪದಲ್ಲಿ ಬೆರೆಸಿದರೆ ಸಿಕ್ಕಿಬೀಳಲಿ ಎಂದು. ಎಳ್ಳೆಣ್ಣೆಯಿದ್ದರೆ ಆಸಿಡ್ ಬಣ್ಣ ತಿರುಗುತ್ತದಂತೆ.

ನಳಿಗೆಗಳನ್ನು ಕಿಟಕಿಯಲ್ಲಿ ನಿಲ್ಲಿಸಿದೆವು. ನನ್ನ ತುಪ್ಪದ ಕೆಳಗೆ ಇಳಿದ ಆಸಿಡ್ ಹಾಗೇ ಇತ್ತು.

ಭಾವನದು ಕೆಂಪಾಯಿತು.

ನಿಮ್ಮ ಅಜ್ಜ ಪಕ್ಕದ ಖುರ್ಚಿಯಲ್ಲಿ ಕುಳಿತು ಎಲ್ಲ ನೋಡುತ್ತಿದ್ದರು. ಆ ಕೆಂಪು ಬಣ್ಣವನ್ನು ಬಹಳ ಹೊತ್ತು ನೋಡಿದರು.

"ಅದನ್ನ ಮೋರಿಗೆ ಚೆಲ್ಲು, ಶೈಲಾ," ಅಂದರು.

"ಅಪ್ಪಾ, ದೊಡ್ಡಪ್ಪ ನಮಗ..."

"ದೊಡ್ಡಪ್ಪಗ ಯಾರೋ ಮೋಸ ಮಾಡ್ಯಾರ. ಸಾಸವಡದ ಗೌಳ್ಯಾರದ ಕೆಲಸ ಇದು."

"ಹಂಗಿದ್ರ ಅವರಿಗೆ ಹೇಳೂಣು."

"ಅಣ್ಣನ ಮುಂದ ಹೋಗಿ, ನೀ ತಂದ ತುಪ್ಪ ಖೊಟ್ಟಿ ಅದ ಅಂತ ನಾ ಹೇಳ್ಬೇಕೇನು? ಈ ಬಾಯಿಲೆ?"

ಅಂದಿನಿಂದ ಕೇಟಲಿಯ ತುಪ್ಪ ನಮ್ಮ ಒಲೆ ಕಾಣಲಿಲ್ಲ. ಅಷ್ಟಕ್ಕೆ ಅವರು ಒಪ್ಪಿದರು. ಆದರೆ ಅಮಾವಾಸ್ಯೆಯ ಊಟದ ವಿಷಯಕ್ಕೆ ಒಪ್ಪಲಿಲ್ಲ. ನಾನು ಕೈ ಮುಗಿದೆ. ಶೈಲಾ ಊಟ ಬಿಟ್ಟಳು. "ತಿಂಗಳಿಗೆ ಒಂದ ದಿನದ್ದು, ಅದರಿಂದ ಏನೂ ಆಗೂದಿಲ್ಲ," ಎಂದರು. ಮುಂದಿನ ಅಮಾವಾಸ್ಯೆಗೆ ಭಾವ ಬಂದರು, ಧಾರೆ ಬಿಟ್ಟರು. ಬಾಗಿಲ ಮರೆಯಿಂದ ನಾನು ನಿಮ್ಮ ಅಜ್ಜನ ಕೈಯನ್ನೇ ನೋಡುತ್ತಿದ್ದೆ. ಒಮ್ಮೆ ಆ ಕೈ ಮೇಲೆದ್ದರೆ ಸಾಕಿತ್ತು. ಏಳಲಿಲ್ಲ. ತನ್ನ ತಾಟಿನಲ್ಲಿ ಬೀಳುತ್ತಿರುವುದು ಏನೆಂದು ಗೊತ್ತಿದ್ದೂ ಅವರು ತುತ್ತು ಕಲಸಿದರು.

ದೀಪಾವಳಿ ಅಮಾವಾಸ್ಯೆಗೆ ಹೋಳಿಗೆ ಮಾಡಿದ್ದೆ. ಹಬ್ಬ ಮುಗಿದು ಕಾರ್ಖಾನೆ ತೆರೆದ ದಿನ, ಮಷಿನಿನ ಪಕ್ಕದಲ್ಲಿ ನಿಂತವರು ಹಾಗೇ ಕುಸಿದರು. ಕಿಸೆಯ ಗುಳಿಗೆ ನಾಲಿಗೆಗೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಡಾಕ್ಟರ ಹತ್ತಿರ ಹೋಗಿ ಕೇಳಿದೆ. ತುಪ್ಪದ ಸಂಗತಿ ಎಲ್ಲ ಹೇಳಿದೆ. ಅವರು ಪ್ರಾಮಾಣಿಕ ಮನುಷ್ಯ. ಆ ಒಂದು ಊಟದಿಂದಲೇ ಆಯಿತು ಎಂದು ಹೇಳಲು ಬರುವುದಿಲ್ಲ ಎಂದರು. ಇಪ್ಪತ್ತು ವರ್ಷ ಬೀಡಿ ಸೇದಿದ್ದಾರೆ, ಮನೆತನದ ರಕ್ತದಲ್ಲೂ ಇರಬಹುದು, ಶುದ್ಧ ತುಪ್ಪವನ್ನೇ ಅಷ್ಟು ತಿಂದಿದ್ದರೂ ಒಳ್ಳೆಯದಾಗುತ್ತಿರಲಿಲ್ಲ ಎಂದರು. ಆದರೆ ವರ್ಷಗಟ್ಟಲೆ ವನಸ್ಪತಿ ತಿಂದದ್ದು ನಳಿಗೆಗಳಿಗೆ ಕೇಡು ಮಾಡಿರಲೇಬೇಕು, ಅದರಲ್ಲಿ ಅನುಮಾನವಿಲ್ಲ ಎಂದರು. ಬೀಡಿ, ರಕ್ತ ಎಲ್ಲವನ್ನೂ ನಾನು ಕಿವಿಯಲ್ಲಿ ಹಾಕಿಕೊಂಡೆ. ಮನಸ್ಸಿನಲ್ಲಿ ಇಟ್ಟುಕೊಂಡದ್ದು ಕೊನೆಯ ಮಾತನ್ನು ಮಾತ್ರ.

ತಿಥಿಯ ಊಟಕ್ಕೆ ಭಾವ ಒಂದು ಡಬ್ಬಿ ತುಪ್ಪ ಕಳಿಸಿದರು. ನಾನು ಅದನ್ನು ಅಡುಗೆಮನೆಗೆ ಸೇರಿಸಲಿಲ್ಲ. ಅಂಗಳದಲ್ಲೇ ಇರಲಿ ಎಂದೆ. ಪಂಕ್ತಿಯಲ್ಲಿ ಕುಳಿತವರ ತಾಟಿಗೆ ತುಪ್ಪ ಬೀಳಲಿಲ್ಲ. ಭಾವ ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ನನ್ನ ತಮ್ಮನ ಹೆಸರಿಲೆ ಒಂದ ಹನಿ ತುಪ್ಪ ಹಾಕ್ಲಾಕೂ ಕೈ ಬರವಲ್ದು ಈ ಮನಿಯಾಗ."

ನಿಗಡಿ, ಪಿಂಪರಿಯ ಕನ್ನಡದ ಜನ ಅಷ್ಟೂ ಅಲ್ಲಿದ್ದರು. ಹೆಂಗಸರು ನನ್ನತ್ತ ತಿರುಗಿ ನೋಡಿದರು. ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಒಂದು ದಿನ ಈ ಮನುಷ್ಯನ ಬಾಯಿಂದಲೇ ನಿಜ ಹೊರಡಿಸುತ್ತೇನೆ ಎಂದು ಅಲ್ಲಿ ನಿಂತೇ ಅಂದುಕೊಂಡೆ. ಶೈಲಾಳ ನಳಿಗೆ ಸಾಕ್ಷಿ ಹೇಳಿತ್ತು, ನನಗೆ ಅದು ಸಾಲದು. ಗೌಳಿಗಳ ಮೇಲೆ ಹಾಕಲು ಅವರಿಗೆ ದಾರಿ ಇತ್ತು. ಅವರೇ ಹೇಳಬೇಕು. ಬೆರೆಸಿದವನು ನಾನು ಎನ್ನಬೇಕು.

ಅದಾದ ಮೇಲೆ ಹಲವು ವರ್ಷ ನಾನು ಬದುಕಿದ್ದು ಆ ಒಂದು ಆಸೆಯ ಮೇಲೆ. ಶೈಲಾಳ ಮದುವೆಯಾಯಿತು, ನೀವು ಹುಟ್ಟಿದಿರಿ, ಎಲ್ಲ ಇದೇ ಮನೆಯಲ್ಲಿ. ನಿಮ್ಮನ್ನು ಎತ್ತಿ ಆಡಿಸುವಾಗಲೂ ಒಳಗೆ ಅದು ಇತ್ತು. ಊಟ ರುಚಿಸುತ್ತಿರಲಿಲ್ಲ. ತಾಟಿನ ಮುಂದೆ ಕುಳಿತರೆ ಎರಡು ತುತ್ತಿಗೆ ಹೊಟ್ಟೆ ಕಟ್ಟಿಕೊಳ್ಳುತ್ತಿತ್ತು. ನಾನು ಭಾವನಿಗೆ ಬೈಯುತ್ತಿದ್ದೆ, ಗೋಡೆಯ ಕಡೆ ಮುಖ ಮಾಡಿ, ತುಟಿ ಅಲ್ಲಾಡದ ಹಾಗೆ. ನನಗೆ ಗೊತ್ತಿರುವ ಬೈಗುಳ ಎಲ್ಲ ತೀರಿದರೂ ಸಿಟ್ಟು ತೀರುತ್ತಿರಲಿಲ್ಲ.

ಹೋದ ಮಳೆಗಾಲದಲ್ಲಿ ಅವರ ಎದೆಗೂ ಬಂತು.

ಗಾಳೆಯಲ್ಲಿ ಬೆಲ್ಲದ ಪೆಂಟೆ ಎತ್ತುವಾಗ ಬಿದ್ದರಂತೆ. ಮಗ ಇತ್ತಕಡೆಯ ಕಾರ್ಖಾನೆಯಲ್ಲಿ ಇದ್ದುದರಿಂದ ಚಿಂಚವಡದ ಆಸ್ಪತ್ರೆಗೆ ತಂದರು. ಐಸಿಯು, ಆಮೇಲೆ ಜನರಲ್ ವಾರ್ಡ್. ನನ್ನ ನೆಗೆಣ್ಣಿ, ಭಾವನ ಹೆಂಡತಿ ಗಂಗಕ್ಕ, ಹಾಸಿಗೆಯ ಪಕ್ಕ ಬಿಟ್ಟು ಏಳುವಂತಿರಲಿಲ್ಲ. ಮಗನ ಕೈಯಲ್ಲಿ ಹೇಳಿ ಕಳಿಸಿದಳು. ಡಾಕ್ಟರು ಪಥ್ಯದ ಊಟ ಹೇಳಿದ್ದಾರೆ, ಆಸ್ಪತ್ರೆಗೆ ಹತ್ತಿರವಿರುವ ಮನೆ ನಿನ್ನದೇ, ಡಬ್ಬಿ ಕಳಿಸುತ್ತೀಯಾ ಎಂದು.

ಶೈಲಾ ಬೇಡ ಅಂದಳು. ನಾನು ಕಳಿಸುತ್ತೇನೆ ಅಂದೆ.

ಯಾಕೆ ಒಪ್ಪಿದೆ ಎಂದು ಆಗ ನನಗೂ ಸರಿಯಾಗಿ ತಿಳಿದಿರಲಿಲ್ಲ. ಒಳ್ಳೆಯ ಮನಸ್ಸಿನಿಂದ ಅಂತೂ ಅಲ್ಲ, ಅದು ನಿಮಗೆ ಗೊತ್ತಿರಲಿ. ಮೆತ್ತನೆಯ ಜೋಳದ ರೊಟ್ಟಿ, ಮೆಂತೆ ಸೊಪ್ಪಿನ ಪಲ್ಯ, ತೆಳ್ಳನೆಯ ಹೆಸರುಬೇಳೆ. ಮೊದಲ ದಿನ ಡಬ್ಬಿಯನ್ನು ಗಂಗಕ್ಕನ ಕೈಗೆ ಕೊಟ್ಟು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಅವಳು ಡಬ್ಬಿ ವಾಪಸು ತಂದಳು. ತುಂಬಿದ್ದದ್ದು ತುಂಬಿದ ಹಾಗೇ ಇತ್ತು.

"ಹಸಿವಿಲ್ಲಂತ," ಅಂದಳು. ಕಣ್ಣು ತಪ್ಪಿಸಿದಳು.

"ಏನಾತು ಅಕ್ಕಾ? ಖರೆ ಹೇಳು."

"ಅವರಿಗೆ ಅಂಜಿಕಿ, ತಂಗೀ. ನೀ ಏನರೆ ಹಾಕಿರ್ತಿ ಅಂತ."

ನಾನು ನಕ್ಕುಬಿಟ್ಟೆ. ಆಸ್ಪತ್ರೆಯ ಕಾರಿಡಾರು, ಎದುರಿಗೆ ಯಾರದೋ ತಾಯಿ ಅಳುತ್ತ ಕುಳಿತಿದ್ದಳು. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ. ಮುಂದಿರುವ ಅನ್ನದಲ್ಲಿ ಏನಿದೆ ಎಂದು ತಿಳಿಯದೆ ಹಸಿದು ಮಲಗುವುದು ಹೇಗಿರುತ್ತದೆ ಎಂದು ಅವರಿಗೆ ಕಡೆಗೂ ಗೊತ್ತಾಯಿತಲ್ಲ. ಬಸ್ಸಿನಲ್ಲಿ ಮನೆ ಮುಟ್ಟುವ ತನಕ ನನ್ನ ಮೈ ಹಗುರವಾಗಿತ್ತು.

ಮರುದಿನ ಡಬ್ಬಿಯನ್ನು ಗಂಗಕ್ಕನಿಗೆ ಕೊಡಲಿಲ್ಲ. ನಾನೇ ವಾರ್ಡಿನೊಳಗೆ ನಡೆದೆ. ಭಾವ ದಿಂಬಿಗೆ ಒರಗಿದ್ದರು. ಗಡ್ಡ ಬೆಳೆದಿತ್ತು, ಕುತ್ತಿಗೆ ಬತ್ತಿತ್ತು. ಪಕ್ಕದ ಹಾಸಿಗೆಯವನು ಪೇಪರ್ ಓದುತ್ತಿದ್ದ. ಗಂಗಕ್ಕ ಸ್ಟೂಲಿನ ಮೇಲೆ ಕುಳಿತಿದ್ದಳು. ನಾನು ಡಬ್ಬಿಯನ್ನು ಅವರ ಮುಂದಿನ ಮೇಜಿನ ಮೇಲಿಟ್ಟು, ಮುಚ್ಚಳ ತೆಗೆಯದೆ, ಎದುರಿಗೆ ನಿಂತೆ.

"ಗೊತ್ತಿಲ್ಲದ್ದನ್ನ ಉಣ್ಣಬ್ಯಾಡ್ರಿ," ಅಂದೆ. "ಇದರಾಗ ಏನದ ಅಂತ ನನ್ನ ಕೇಳ್ರಿ."

ಅವರ ಎದುರು ನಾನು ಆಡಿದ ಮೊದಲ ಮಾತು ಅದು. ಅವರು ಗಾಬರಿಯಾಗಿ ಹೆಂಡತಿಯ ಮುಖ ನೋಡಿದರು.

"ಆಕಿನ್ನ ಯಾಕ ನೋಡ್ತೀರಿ? ನಾ ಇಲ್ಲೇ ನಿಂತೀನಿ."

"ಏನದ?" ಅಂದರು.

"ಹೇಳ್ತೀನ್ರಿ. ಮೊದಲ ನೀವು ಹೇಳ್ರಿ. ಆ ಕೇಟಲಿಯಾಗ ಏನಿತ್ತು?"

ಪಕ್ಕದವನು ಪೇಪರ್ ಮಡಿಸಿದ. ಭಾವ ಸೀಲಿಂಗ್ ಫ್ಯಾನ್ ನೋಡಿದರು. ಗೌಳಿಗಳ ಹೆಸರು ಹೇಳುತ್ತಾರೆ ಎಂದು ಕಾಯುತ್ತಿದ್ದೆ.

"ಎಲ್ಲಾರೂ ಕೂಡಸ್ತಾರವ್ವಾ. ಯಾರ್ಡಿನಾಗ ಶುದ್ಧ ಮಾರಾಂವ ಒಬ್ಬಾಂವನ್ನ ತೋರಸು."

"ಗಿರಾಕಿ ವಿಚಾರ ನನಗ ಬ್ಯಾಡ್ರಿ."

"ಮೊದಲ ಸ್ವಲ್ಪ ಕೂಡಸ್ತಿದ್ದೆ. ಆಮ್ಯಾಲ ಅರ್ಧಕ್ಕರ್ಧ."

"ತಮ್ಮಗ ತರೂದರಾಗ?"

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ಕದಲಲಿಲ್ಲ. ಆ ಹೊತ್ತಿನಲ್ಲಿ ನನಗೆ ಬೇಕಾದದ್ದು ಅದೊಂದೇ: ತಮ್ಮನ ಮೇಲೆ ಅವರಿಗೆ ಏನಾದರೂ ದ್ವೇಷ ಇತ್ತು ಎಂದು ಹೇಳಲಿ, ಹೊಟ್ಟೆಕಿಚ್ಚು ಇತ್ತು ಎಂದು ಹೇಳಲಿ. ಅಷ್ಟು ವರ್ಷ ನಾನು ಕಾಯ್ದಿಟ್ಟ ಸಿಟ್ಟಿಗೆ ಸಮನಾದದ್ದು ಏನಾದರೂ ಆ ಕಡೆಯಿಂದ ಬರಲಿ.

"ಮನಿಮಂದಿಗೆ ಬ್ಯಾರೆ ಡಬ್ಬಿ ಇಡಬೇಕಿತ್ತು," ಅಂದರು. "ಬ್ಯಾಸರಾತು. ಒಂದ ಡಬ್ಬಿಯಾಗಿಂದ ಎಲ್ಲಾರಿಗೂ ತುಂಬತಿದ್ದೆ."

ಬೇಸರ.

ಒಂದು ಡಬ್ಬಿ ಬೇರೆ ಇಡಲು ಬೇಸರವಾಯಿತಂತೆ. ಅಷ್ಟಕ್ಕೆ ನಿಮ್ಮ ಅಜ್ಜ ಹೋದರು.

ನಾನು ಬಾಯಿ ತೆರೆಯುವ ಮೊದಲೇ ಗಂಗಕ್ಕ ಸ್ಟೂಲಿನಿಂದ ಎದ್ದಿದ್ದಳು.

"ಎಲ್ಲಾರಿಗೂ ಅಂದ್ರ? ನಮ್ಮ ಮನಿಗೆ ಯಾವ ಡಬ್ಬಿಯಾಗಿಂದ ತರತಿದ್ರಿ?"

ಭಾವ ಕಣ್ಣು ಮುಚ್ಚಿದರು.

"ನಾ ಕೇಳ್ಲಾಕತ್ತೀನಿ. ಸೊಸಿ ಬಾಣಂತನದಾಗ ಅಂಟಿನುಂಡಿಗೆ ತಂದು ಕೊಟ್ರಲ್ಲ, ಅದು? ಮೊಮ್ಮಕ್ಕಳಿಗೆ ರೊಟ್ಟಿಗೆ ಹಚ್ಚಿ ತಿನಸ್ರಿ ಅಂದದ್ದು? ನೀವೂ ಅದನ್ನ ಉಂಡೀರಲ್ರಿ, ಹುಚ್ಚಾ!"

ಗಂಡನನ್ನು ಅವಳು ಹಾಗೆ ಕರೆದದ್ದನ್ನು ಯಾರೂ ಕೇಳಿರಲಿಕ್ಕಿಲ್ಲ. ನರ್ಸ್ ಓಡಿ ಬಂದು ಗದ್ದಲ ಮಾಡಬೇಡಿ ಎಂದು ಮರಾಠಿಯಲ್ಲಿ ಗದರಿದಳು. ಗಂಗಕ್ಕ ಚಪ್ಪಲಿಯನ್ನೂ ಮೆಟ್ಟದೆ ವಾರ್ಡಿನಿಂದ ಹೊರಗೆ ಹೋದಳು. ಹೋಗುವಾಗ ಹಿಂದಿರುಗಿ ನೋಡಲಿಲ್ಲ.

ಹಾಸಿಗೆಯ ಹತ್ತಿರ ಉಳಿದವರು ಅವರು ಮತ್ತು ನಾನು.

ನಾನು ಡಬ್ಬಿಯ ಮುಚ್ಚಳ ತೆಗೆದೆ. ಒಂದೊಂದೇ ಪಾತ್ರೆ ಬೇರ್ಪಡಿಸಿ ಸಾಲಾಗಿ ಇಟ್ಟೆ. ಇದು ಜೋಳದ ರೊಟ್ಟಿ, ಇದು ರಾಜಗಿರಿ ಸೊಪ್ಪು, ಕುಸುಬಿ ಎಣ್ಣೆ ಒಂದು ಚಮಚ ಹಾಕಿದ್ದೇನೆ, ಉಪ್ಪು ಕಡಿಮೆ. ಇದು ಮಜ್ಜಿಗೆ, ಕೆನೆ ತೆಗೆದದ್ದು. ಬೇರೆ ಏನೂ ಇಲ್ಲ ಎಂದು ಹೇಳಿದೆ. ಅವರು ತುತ್ತು ಮುರಿದರು. ಕಣ್ಣಿನಿಂದ ನೀರು ಇಳಿದು ಗಡ್ಡದಲ್ಲಿ ಸೇರುತ್ತಿತ್ತು. ನಾನು ಒರೆಸಲಿಲ್ಲ, ಸಮಾಧಾನ ಹೇಳಲಿಲ್ಲ. ಪೂರ್ತಿ ಉಂಡು ಮುಗಿಸುವ ತನಕ ಎದುರಿಗೇ ನಿಂತಿದ್ದೆ.

"ನಾಳೆ ಬರ್ತೀಯೇನವ್ವಾ?" ಎಂದು ಕೇಳಿದರು.

"ಡಾಕ್ಟರು ಬಿಡೂತನಕ ತರ್ತೀನ್ರಿ," ಅಂದೆ.

ಹೇಳಿದ ಹಾಗೆ ತಂದುಕೊಟ್ಟೆ. ಡಿಸ್ಚಾರ್ಜ್ ಆಗುವ ತನಕ ಒಂದು ದಿನವೂ ತಪ್ಪಿಸಲಿಲ್ಲ. ಪ್ರತಿ ದಿನ ಎದುರು ನಿಂತು ಏನೇನಿದೆ ಎಂದು ಹೇಳಿಯೇ ಬಡಿಸಿದೆ. ಅವರು ಪ್ರತಿ ದಿನ ಕೇಳಿಸಿಕೊಂಡೇ ಉಂಡರು. ಈಗ ಚೆನ್ನಾಗಿದ್ದಾರೆ, ಗಾಳೆಯನ್ನು ಮಗ ಮಾರಿಬಿಟ್ಟ. ಅವರ ಮನೆಗೆ ನಾನು ಯಾಕೆ ಹೋಗುವುದಿಲ್ಲ ಎಂದು ನೀವು ಕೇಳುತ್ತೀರಿ. ಕ್ಷಮಿಸಿಲ್ಲ, ಅದಕ್ಕೆ ಹೋಗುವುದಿಲ್ಲ. ಕ್ಷಮಿಸುವ ವಿಚಾರವೂ ಇಲ್ಲ. ನೀವು ಹೋಗಿ ಬನ್ನಿ, ಗಂಗಕ್ಕನನ್ನು ಮಾತಾಡಿಸಿ ಬನ್ನಿ.

ಆದರೆ ಅಂದಿನ ಒಂದು ಸಂಗತಿ ಹೇಳಬೇಕು. ವಾರ್ಡಿನಿಂದ ಹೊರಬಿದ್ದು ಮನೆಗೆ ಬಂದಾಗ ಮಧ್ಯಾಹ್ನ ಮೀರಿತ್ತು. ನೀವು ಶಾಲೆಯಲ್ಲಿದ್ದಿರಿ. ಶೈಲಾ ಬಾಗಿಲಲ್ಲೇ ನಿಂತು, "ಏನಂದ್ರು?" ಎಂದು ಕೇಳಿದಳು. ಹೇಳಿದೆ. ಅವಳು ಅಲ್ಲೇ ಕುಳಿತು ಅತ್ತಳು. ನನಗೆ ಅಳು ಬರಲಿಲ್ಲ. ಹಸಿವಾಗಿತ್ತು. ಹೊಟ್ಟೆ ಚುರುಗುಟ್ಟುವಂಥ ಹಸಿವು, ಎಷ್ಟೋ ವರ್ಷಗಳಿಂದ ನಾನು ಮರೆತಿದ್ದದ್ದು. ಎರಡು ರೊಟ್ಟಿ ಉಂಡೆ. ಮತ್ತೊಂದು ಕೇಳಿ ಹಾಕಿಸಿಕೊಂಡೆ. ಪುಟ್ಟ ಮೆಣಸಿನಕಾಯಿಯ ಖಾರ ನಾಲಿಗೆಗೆ ಹತ್ತಿತು, ಉಪ್ಪು ಹತ್ತಿತು, ಮಜ್ಜಿಗೆ ತಣ್ಣಗೆ ಗಂಟಲಲ್ಲಿ ಇಳಿಯಿತು. ಈ ಮೈ ಇನ್ನೂ ನನ್ನದಾಗಿಯೇ ಇದೆಯಲ್ಲ ಎಂದು ಯಾರಿಗೋ ಕೈ ಮುಗಿಯಬೇಕೆನಿಸಿತು.

ಕೈ ತೊಳೆದುಕೊಂಡು, ಮರುದಿನದ ಡಬ್ಬಿಗೆ ಪಾಲಕ್ ಸೊಪ್ಪು ಬಿಡಿಸಲು ಕುಳಿತೆ.